ಎರಡು ಸಲ ಕೇಳಿದವಳು

ಮನೆ ನೋಡಲು ಬರುವವರು ಬಂದು ಹೋಗುವವರೆಗೆ ಮನೆಯವನು ಮನೆಯಲ್ಲಿರಬಾರದು. ಇದು ಮನೆ ಮಾರಿಸಿಕೊಡುವ ಏಜೆಂಟ್ ರೋಂಡಾ ಹಾಕಿದ ಮೊದಲ ಷರತ್ತು. ಮನೆಯವನು ಎದುರಿಗಿದ್ದರೆ ಬಂದವರಿಗೆ ಗೋಡೆ ತಟ್ಟಿ ನೋಡಲು, ಕಪಾಟಿನ ಬಾಗಿಲು ತೆಗೆದು ಮೂಸಲು, ಅಡಿಗೆಮನೆಯ ನೆಲದ ಬಣ್ಣ ನೋಡಿ ಒಬ್ಬರಿಗೊಬ್ಬರು ಹುಬ್ಬು ಹಾರಿಸಲು ಸಂಕೋಚವಾಗುತ್ತದಂತೆ. ಆದ್ದರಿಂದ ಆರ್ಲೆನ್ ಹಾಗೆನ್ ಅವತ್ತೂ ಹನ್ನೊಂದು ಗಂಟೆಗೆ ತಿಂದ ಬಟ್ಟಲು ತೊಳೆದು ಒರೆಸಿಟ್ಟು, ಹಲ್ಲುಜ್ಜುವ ಬ್ರಷ್ಷನ್ನು ಡ್ರಾಯರಿನೊಳಗೆ ಅಡಗಿಸಿ, ಹಗಲಲ್ಲೇ ಎಲ್ಲ ಕೋಣೆಗಳ ದೀಪ ಹಾಕಿ, ಕಳ್ಳನ ಹಾಗೆ ತನ್ನದೇ ಮನೆಯಿಂದ ಹೊರಬಿದ್ದ. ಈಗ ಬೀದಿಯ ಕೆಳತುದಿಯಲ್ಲಿ ಚರ್ಚಿನವರು ಕಾರು ನಿಲ್ಲಿಸುವ ಜಾಗದಲ್ಲಿ ಕಾರಿನೊಳಗೆ ಕೂತಿದ್ದ. ಅಲ್ಲಿಂದ ಎರಡು ಬೋಳು ಮೇಪಲ್ ಮರಗಳ ಸಂದಿನಲ್ಲಿ ಮನೆ ಕಾಣುತ್ತದೆ. ರಸ್ತೆಯಿಂದ ಬಾಗಿಲವರೆಗೆ ಹದಿನಾಲ್ಕು ಕಲ್ಲಿನ ಮೆಟ್ಟಿಲು, ಬಾಗಿಲ ಒಳಗೆ ಮೇಲಿನ ಕೋಣೆಗಳಿಗೆ ಹದಿನಾರು ಮರದ ಮೆಟ್ಟಿಲು, ಕೆಳಗೆ ನೆಲಮಾಳಿಗೆಗೆ ಹನ್ನೆರಡು. ಡುಲೂತ್ ಊರಿನ ಗುಡ್ಡದ ಮೇಲೆ ಮನೆ ಕಟ್ಟಿದವರೆಲ್ಲ ಹೀಗೆಯೇ ಮೆಟ್ಟಿಲು ಕಟ್ಟಿದವರು. ಸರೋವರದ ಕಡೆಯಿಂದ ಮಂಜು ಮೇಲೆ ಏರಿ ಬರುತ್ತಿತ್ತು. ಬಂದರಿನಲ್ಲಿ ಯಾವುದೋ ಹಡಗು ಕೂಗಿತು. ಅಪರಿಚಿತ ಗಂಡಸೊಬ್ಬ ತನ್ನ ಮಲಗುವ ಕೋಣೆಯ ಕಿಟಕಿಯಲ್ಲಿ ಬಂದು ನಿಂತು ಹೊರಗೆ ನೋಡುತ್ತಿರುವುದು ಆರ್ಲೆನ್‌ಗೆ ಕಂಡಿತು. ಅವನು ಸೀಟಿನಲ್ಲಿ ತುಸು ಕೆಳಗೆ ಜಾರಿ ಕೂತ.

ಮನೆ ಮಾರಾಟಕ್ಕಿಟ್ಟು ಎಂಬತ್ತಮೂರು ದಿನವಾಗಿತ್ತು. ಮೊದಲ ವಾರ ಒಂಬತ್ತು ಜನ ಬಂದಿದ್ದರು, ಎರಡನೆಯ ವಾರ ಐದು, ಆಮೇಲೆ ವಾರಕ್ಕೆ ಎರಡು, ಈ ವಾರ ಇವರೊಬ್ಬರೇ. ಎರಡು ಲಕ್ಷ ಎಪ್ಪತ್ತೊಂಬತ್ತು ಸಾವಿರ ಡಾಲರ್ ಎಂದು ಅವನು ಹೇಳಿದ ದಿನವೇ ರೋಂಡಾ ಒಂದು ಕ್ಷಣ ಸುಮ್ಮನಾಗಿ, ಸರಿ, ಪ್ರಯತ್ನ ಮಾಡೋಣ ಎಂದಿದ್ದಳು. ಆ ಸುಮ್ಮನಾದದ್ದರ ಅರ್ಥ ಅವನಿಗೆ ಆಗದೆ ಇರಲಿಲ್ಲ. ಬೆಲೆ ಇಳಿಸೋಣವೇ ಎಂದು ಆಕೆ ಅಲ್ಲಿಂದೀಚೆಗೆ ಎರಡು ಸಲ ಕೇಳಿದ್ದಳು. ಮೊದಲ ಸಲ ಅವನು, ಛೇ, ಈಗಲೇ ಯಾಕೆ ಎಂದಿದ್ದ. ಎರಡನೆಯ ಸಲ, ನೋಡೋಣ ಎಂದಿದ್ದ. ಆಕೆ ಎರಡು ಸಲವೂ ಸಿಟ್ಟಾಗಲಿಲ್ಲ, ಒತ್ತಾಯ ಮಾಡಲಿಲ್ಲ. ಯಾಕೆಂದರೆ ಆಕೆಯೂ ಇಲ್ಲಿಯವಳೇ. ಇಲ್ಲಿ ಯಾರಾದರೂ ಕಾಫಿ ಕೊಡಲೇ ಎಂದು ಕೇಳಿದರೆ ಮೊದಲ ಸಲ, ಅಯ್ಯೋ ಬೇಡ, ಈಗ ತಾನೇ ಆಯಿತು ಎನ್ನಬೇಕು. ಎರಡನೆಯ ಸಲ ಕೇಳಿದರೆ, ಸುಮ್ಮನೆ ನಿಮಗೆ ಯಾಕೆ ತೊಂದರೆ ಎನ್ನಬೇಕು. ಮೂರನೆಯ ಸಲ ಕೇಳಿದಾಗ ಮಾತ್ರ, ಹೇಗೂ ಮಾಡಿಟ್ಟಿದ್ದರೆ ಅರ್ಧ ಲೋಟ ಇರಲಿ ಎನ್ನಬಹುದು. ಮೊದಲ ಎರಡು ಸಲ ಕೇಳುವುದು ಮರ್ಯಾದೆಗೆ, ಬೇಡ ಎನ್ನುವುದೂ ಮರ್ಯಾದೆಗೆ. ನಿಜವಾಗಿ ಕೇಳುವುದು ಮೂರನೆಯ ಸಲ. ಮೂರನೆಯ ಸಲವೂ ಬೇಡ ಎಂದರೆ ಆಮೇಲೆ ಆ ಮಾತು ಮುಗಿಯಿತು, ಜನ್ಮದಲ್ಲಿ ಯಾರೂ ಎತ್ತುವುದಿಲ್ಲ. ರೋಂಡಾ ಮೂರನೆಯ ಸಲ ಕೇಳುವ ದಿನಕ್ಕಾಗಿ ಆರ್ಲೆನ್ ಒಳಗೊಳಗೇ ಹೆದರಿಕೊಂಡಿದ್ದ.

ಎರಡನೆಯ ಸಲ ಕೇಳಿದ್ದು ಅವನ ಅಡಿಗೆಮನೆಯಲ್ಲೇ, ಫೋನಿನಲ್ಲಿ ಏನೇನೋ ಗೆರೆಗಳನ್ನು ತೋರಿಸುತ್ತ. "ಜನ ಎರಡೂವರೆ ಲಕ್ಷದ ಒಳಗೆ ಅಂತ ಹಾಕಿ ಹುಡುಕ್ತಾರೆ ಆರ್ಲೆನ್. ಅವರಿಗೆ ನಿಮ್ಮ ಮನೆ ಕಾಣ್ಸೋದೇ ಇಲ್ಲ. ಅವರ ಪಾಲಿಗೆ ಈ ಬೀದೀಲಿ ಇಲ್ಲೊಂದು ಮನೇನೇ ಇಲ್ಲ. ಐದು ಸಾವಿರ, ಹತ್ತು ಸಾವಿರ ಇಳಿಸಿದ್ರೆ ಏನೂ ಆಗಲ್ಲ, ಆ ಗೆರೆ ದಾಟ್ಬೇಕು." ಹಿಮ ಬೀಳುವ ಮೊದಲು ಹೋಗದಿದ್ದರೆ ಏಪ್ರಿಲ್‌ವರೆಗೆ ಯಾರೂ ಈ ಗುಡ್ಡ ಹತ್ತುವುದಿಲ್ಲ, ತೊಂಬತ್ತು ದಿನ ದಾಟಿದ ಮನೆಯನ್ನು ಕಂಡರೆ ಇದರಲ್ಲೇನೋ ಐಬಿದೆ ಎಂದುಕೊಳ್ಳುತ್ತಾರೆ ಎಂದೂ ಹೇಳಿದಳು. ಐಬು ಎಂಬ ಮಾತು ಬಂದಾಗ ಆರ್ಲೆನ್ ಮೆಟ್ಟಿಲ ಕಡೆ ನೋಡಿದ. ಮನೆಯಲ್ಲಿ ಸಾವಾಗಿದ್ದರೆ ಕೊಳ್ಳುವವರಿಗೆ ಹೇಳಬೇಕೇ ಎಂದು ಅವನು ಮೊದಲೇ ಕೇಳಿ ತಿಳಿದುಕೊಂಡಿದ್ದ. ಸಹಜ ಸಾವಾದರೆ ಹೇಳಬೇಕಾಗಿಲ್ಲ ಎಂದಿದ್ದಳು ರೋಂಡಾ. ಸಹಜ ಎಂಬ ಪದವನ್ನು ಆಕೆ ಎಷ್ಟು ಸಲೀಸಾಗಿ ಅಂದುಬಿಟ್ಟಳು. ಅವನು ಬಂದರಿನ ಧಾನ್ಯದ ಗೋದಾಮಿನಲ್ಲಿ ಮೂವತ್ತೊಂದು ವರ್ಷ ತೂಕ ಮಾಡಿದವನು. ರೈಲಿನ ಡಬ್ಬಿ ಬಂದು ನಿಲ್ಲುವ ಸದ್ದಿನಿಂದಲೇ ಒಳಗೆ ಗೋಧಿ ಎಷ್ಟಿದೆ ಎಂದು ಹೇಳುತ್ತಿದ್ದವನು. ಒಂದು ಪದಕ್ಕೆ ಎಷ್ಟು ಭಾರವಿದೆ ಎನ್ನುವುದು ಅಂಥವನಿಗೆ ತಿಳಿಯದೆ ಹೋಗುತ್ತದೆಯೇ.

ಆ ಎಪ್ಪತ್ತೊಂಬತ್ತು ಅವನು ಲೆಕ್ಕ ಹಾಕಿ ಹೇಳಿದ್ದಲ್ಲ. ಒಂಬತ್ತು ವರ್ಷದ ಹಿಂದೆ ಒಂದು ಮಾರ್ಚಿನಲ್ಲಿ ಅವನ ಹೆಂಡತಿ ಮಾರ್ಲಿಸ್, ಅಂಗಡಿಯಿಂದ ಸಾಮಾನು ಹೊತ್ತು ಹದಿನಾಲ್ಕು ಮೆಟ್ಟಿಲು ಹತ್ತಿ ಬಂದು, ಚೀಲಗಳನ್ನು ಕೆಳಗಿಟ್ಟು, ಸೊಂಟಕ್ಕೆ ಕೈಯಿಟ್ಟು ನಿಂತು, ಅವನ ಕಡೆ ನೋಡದೆ ಕಿಟಕಿಯ ಕಡೆ ನೋಡುತ್ತ, ಪಕ್ಕದೂರಾದ ಹರ್ಮನ್‌ಟೌನಿನಲ್ಲಿ ನೆಲಮಟ್ಟದ ಮನೆಗಳನ್ನು ಕಟ್ಟುತ್ತಿದ್ದಾರಂತೆ, ಇದನ್ನು ಮಾರಿದರೆ ಹೇಗೆ ಎಂದಿದ್ದಳು. ಅವನಿಗೆ ಆಗ ಆ ಮಾತು ಬೇಕಿರಲಿಲ್ಲ. ನೆಲಮಾಳಿಗೆಯಲ್ಲಿ ಅವನ ಮರಗೆಲಸದ ಬೆಂಚು ಇತ್ತು, ಮೇಲಿನ ಕಿಟಕಿಯಿಂದ ಹಡಗು ಕಾಣುತ್ತಿತ್ತು, ಹೊಸ ಬಡಾವಣೆಯ ಡಬ್ಬಿಯಂಥ ಮನೆಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಎರಡು ಎಪ್ಪತ್ತೊಂಬತ್ತು ಬಂದರೆ ಮಾರೋಣ ಎಂದುಬಿಟ್ಟ. ಆ ಸಂಖ್ಯೆ ಎಲ್ಲಿಂದ ಬಂತು ಎಂದು ಅವನಿಗೇ ಗೊತ್ತಿಲ್ಲ. ಆಗ ಆ ಬೀದಿಯ ಮನೆಗಳು ಅದರ ಅರ್ಧಕ್ಕೆ ಹೋಗುತ್ತಿದ್ದವು. ಎಂದೂ ಬಾರದ ಬೆಲೆ ಹೇಳಿದರೆ ಹೆಂಡತಿಗೆ ಬೇಡ ಎಂದ ಹಾಗಾಗಲಿಲ್ಲ, ಮಾರಿದ ಹಾಗೂ ಆಗಲಿಲ್ಲ. ಅಷ್ಟು ಜಾಣತನ ಅವನಿಗಿತ್ತು. ಮಾರ್ಲಿಸ್ ಓಹ್ ಎಂದಳು. ಆಮೇಲೆ ಸಾಮಾನು ಜೋಡಿಸಿಟ್ಟಳು. ಈಗ ಅವಳು ಹೋದ ಮೇಲೆ ಅದೇ ಬೆಲೆಗೆ ಮಾರಲು ಹೊರಟಿದ್ದಾನೆ, ಕೊಟ್ಟ ಮಾತು ಉಳಿಸಿಕೊಳ್ಳುವವನ ಹಾಗೆ. ಒಂದು ಡಾಲರ್ ಇಳಿಸಿದರೂ, ಈಗ ಇಳಿಸಬಹುದಾದರೆ ಆಗ ಯಾಕೆ ಆಗಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಕೇಳುವವರು ಯಾರೂ ಇಲ್ಲ. ಆದರೂ ಬರುತ್ತದೆ.

ಅವಳು ಎರಡನೆಯ ಸಲ ಕೇಳಿದ್ದು ಮೂರು ವರ್ಷದ ಹಿಂದೆ, ಮೀನು ಹುರಿಯುತ್ತ. ಇನ್ನೂ ಅಷ್ಟಕ್ಕೆ ಬಂದಿಲ್ಲವಾ ಎಂದು ಕೇಳಿದಳು, ಅಷ್ಟೇ. ಹತ್ತಿರ ಬಂದಿದೆ, ಇನ್ನೂ ಇಲ್ಲ ಎಂದ. ಸುಳ್ಳಲ್ಲ, ನಿಜಕ್ಕೂ ಹತ್ತಿರ ಬರುತ್ತಿತ್ತು. ಅವಳ ಎಡ ಸೊಂಟ ಆಗಲೇ ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಎಂಟನೆಯ ಮೆಟ್ಟಿಲ ತಿರುವಿನಲ್ಲಿ ಕೂತು ಸುಧಾರಿಸಿಕೊಂಡು ಆಮೇಲೆ ಏಳುತ್ತಿದ್ದಳು. ಅವಳಿಗೆ ನಿಜವಾಗಿ ಬೇಕಿದ್ದರೆ ಮೂರನೆಯ ಸಲ ಕೇಳುತ್ತಾಳೆ ಎಂದು ಅವನು ಕಾದ. ಆಣೆ ಮಾಡಿ ಹೇಳಬಹುದು, ಕೇಳಿದ್ದರೆ ಹೂಂ ಅನ್ನುತ್ತಿದ್ದ. ಕೇಳಿದ್ದರೆ ಹೂಂ ಅನ್ನುತ್ತಿದ್ದನೇ? ಈ ವರ್ಷದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅವನು ನೆಲಮಾಳಿಗೆಯಲ್ಲಿ ಕುರ್ಚಿಯ ಕಾಲಿಗೆ ಮರಳುಕಾಗದ ಉಜ್ಜುತ್ತಿದ್ದಾಗ ಅವಳು ಒಣಗಿದ ಬಟ್ಟೆಯ ಬುಟ್ಟಿ ಎತ್ತಿಕೊಂಡು ಅವನ ಪಕ್ಕದಲ್ಲೇ ಹಾದು ಹೋದಳು. ಹನ್ನೆರಡು ಹತ್ತಿದ್ದು ಕೇಳಿಸಿತು. ಅಡಿಗೆಮನೆ ದಾಟಿದ್ದು ಕೇಳಿಸಿತು. ಮೇಲಿನ ಮೆಟ್ಟಿಲಲ್ಲಿ ಒಂದು, ಎರಡು ಎಂದು ಎಂಟರವರೆಗೆ ಕೇಳಿಸಿ ನಿಂತಿತು. ಕೂತಳು, ಈಗ ಏಳುತ್ತಾಳೆ ಎಂದುಕೊಂಡು ಅವನು ಉಜ್ಜುತ್ತಲೇ ಇದ್ದ. ಒಂಬತ್ತನೆಯದು ಕೇಳಿಸಲಿಲ್ಲ ಎನ್ನುವುದು ಕಿವಿಗೆ ಗೊತ್ತಿತ್ತು. ಕೈ ಮಾತ್ರ ಉಜ್ಜುತ್ತಿತ್ತು. ಕುರ್ಚಿಯ ನಾಲ್ಕೂ ಕಾಲು ಮುಗಿಸಿ ಅವನು ಮೇಲೆ ಬರುವಾಗ ನಲವತ್ತು ನಿಮಿಷವಾಗಿತ್ತು. ಬುಟ್ಟಿ ಅವಳ ಮಡಿಲಲ್ಲೇ ನೆಟ್ಟಗೆ ಕೂತಿತ್ತು, ಒಂದು ಬಟ್ಟೆಯೂ ಬಿದ್ದಿರಲಿಲ್ಲ.

ಕಾರಿನ ಗಾಜಿಗೆ ಅವನ ಉಸಿರು ಕಟ್ಟಿಕೊಂಡಿತು. ಅಂಗೈಯಿಂದ ಒರೆಸಿ ನೋಡಿದ. ಕಿಟಕಿಯಲ್ಲಿದ್ದ ಗಂಡಸು ಈಗ ಇರಲಿಲ್ಲ. ಇವರು ಏನು ಬರೆಯುತ್ತಾರೋ ಎಂದು ಫೋನನ್ನು ಜೇಬಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮನೆ ನೋಡಿ ಹೋದವರು ಏನನ್ನಿಸಿತು ಎಂದು ಎರಡು ಸಾಲು ಬರೆದು ಕಳಿಸುವುದು ಪದ್ಧತಿ. ಅದು ರೋಂಡಾಳಿಗೆ ಬಂದು, ಆಕೆ ಅವನ ಫೋನಿಗೆ ದಾಟಿಸುತ್ತಾಳೆ. ಮನೆ ಚೊಕ್ಕಟವಾಗಿದೆ, ಮೆಟ್ಟಿಲು ಜಾಸ್ತಿ. ನೋಟ ಚೆನ್ನಾಗಿದೆ, ಸ್ನಾನದ ಮನೆ ಹಳೆಯದು. ಇಲ್ಲಿನವರು ಯಾರೂ ಬೆಲೆ ಹೆಚ್ಚಾಯಿತು ಎಂದು ಬಾಯಿಬಿಟ್ಟು ಬರೆಯುವುದಿಲ್ಲ, ಕೊಂಕು ನುಡಿದ ಹಾಗಾಗುತ್ತದೆ. ಎರಡನೆಯ ವಾರ ಬಂದ ಒಂದು ಟಿಪ್ಪಣಿಯಲ್ಲಿ, ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸಿಗೆ ನಮ್ಮಿಂದ ತೊಂದರೆಯಾಯಿತು, ಕ್ಷಮಿಸಿ ಎಂದು ತಿಳಿಸಿ ಎಂದಿತ್ತು. ಯಾರೋ ಬೇರೆ ಮನೆಯದನ್ನು ಇದಕ್ಕೆ ಬರೆದಿದ್ದಾರೆ ಎಂದುಕೊಂಡ. ಮರುವಾರ ಇನ್ನೊಬ್ಬರು, ಬಟ್ಟೆ ಮಡಚುತ್ತಿದ್ದವರು ಬಹಳ ಮರ್ಯಾದಸ್ಥರು, ಕಾಫಿ ಕೊಡಲೇ ಎಂದು ಕೇಳಿದರು, ನಾವು ಬೇಡ ಎಂದೆವು ಎಂದು ಬರೆದಿದ್ದರು. ರೋಂಡಾ ಫೋನು ಮಾಡಿ, ನಿಮ್ಮ ನೆಂಟರು ಯಾರಾದರೂ ಬಂದಿದ್ದರೆ ಆ ಹೊತ್ತಿಗೆ ಅವರನ್ನೂ ಕರೆದುಕೊಂಡು ಹೋಗಿ, ಬಂದವರಿಗೆ ಕಸಿವಿಸಿಯಾಗುತ್ತದೆ ಎಂದು ನಯವಾಗಿಯೇ ಗದರಿದಳು. ಯಾರೂ ಬಂದಿಲ್ಲ ಎಂದು ಅವನು ಹೇಳಬೇಕಿತ್ತು. ಆಗಲಿ, ಹೇಳುತ್ತೇನೆ ಎಂದ. ಹೇಳಿದ ಮೇಲೆ ಅವನ ಕಿವಿಯೆಲ್ಲ ಬಿಸಿಯಾಯಿತು. ಅವತ್ತು ಮನೆಗೆ ಹೋಗಿ ಎಂಟನೆಯ ಮೆಟ್ಟಿಲನ್ನು ಕೈಯಿಂದ ಮುಟ್ಟಿ ನೋಡಿದ. ತಣ್ಣಗಿತ್ತು, ಮಿಕ್ಕ ಮೆಟ್ಟಿಲುಗಳ ಹಾಗೆಯೇ. ಆ ಮೆಟ್ಟಿಲ ಮೇಲೆ ಅವನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಾನೆ, ಅವನಿಗೆ ಒಂದು ದಿನವೂ ಯಾರೂ ಕಂಡಿಲ್ಲ. ಹೊರಗಿನವರಿಗೆ ಮಾತ್ರ ಕಾಣುತ್ತಾಳೆ. ಬಂದವರನ್ನು ಕಾಫಿಗೆ ಕರೆಯುತ್ತಾಳೆ. ಅವನಿಗೆ ಮೊದಲು ಆದದ್ದು ಭಯವಲ್ಲ, ನಾಚಿಕೆ.

ಆಮೇಲಾಮೇಲೆ ಅವನು ಆ ಎರಡು ಸಾಲುಗಳಿಗಾಗಿ, ದೂರದ ಊರಿಗೆ ಹೋದವರ ಕಾಗದಕ್ಕೆ ಕಾದ ಹಾಗೆ ಕಾಯತೊಡಗಿದ. ನೀಲಿ ಅಂಗಿ ಹಾಕಿಕೊಂಡಿದ್ದಳಂತೆ. ಇನ್ನೊಂದು ಸಲ ತಲೆಗೆ ಬಟ್ಟೆ ಕಟ್ಟಿದ್ದಳಂತೆ. ಒಬ್ಬರ ಮಗುವನ್ನು ನೋಡಿ ನಕ್ಕಳಂತೆ. ಮದುವೆಯಾಗಿ ನಲವತ್ತೆರಡು ವರ್ಷದಲ್ಲಿ ಅವಳು ಯಾವ ಅಂಗಿ ಹಾಕಿದ್ದಾಳೆ ಎಂದು ಇಷ್ಟು ಆಸೆಯಿಂದ ಅವನು ಒಂದು ದಿನವೂ ನೋಡಿದ್ದಿಲ್ಲ. ಬೆಲೆ ಇಳಿಸಬಾರದು ಎನ್ನಲು ಈಗ ಇನ್ನೊಂದು ಕಾರಣ ಹುಟ್ಟಿತು. ಮನೆ ಹೋದರೆ ಸುದ್ದಿಯೂ ನಿಂತಿತು, ಅವಳು ಯಾರದೋ ಮನೆಯ ಮೆಟ್ಟಿಲ ಮೇಲೆ ಯಾರದೋ ಕಾಲಿಗೆ ಅಡ್ಡವಾಗಿ ಕೂರಬೇಕು. ಆದರೆ ಇಳಿಸದಿದ್ದರೆ ನೋಡುವವರು ಬರುವುದಿಲ್ಲ, ಬರದಿದ್ದರೆ ಆಗಲೂ ಸುದ್ದಿಯಿಲ್ಲ. ಅವಳನ್ನು ಉಳಿಸಿಕೊಳ್ಳಲು ಜನ ಬರಬೇಕು, ಜನ ಬರಲು ಬೆಲೆ ಇಳಿಯಬೇಕು, ಇಳಿದರೆ ಅವಳು ಹೋಗುತ್ತಾಳೆ. ತಕ್ಕಡಿಯ ಎರಡು ತಟ್ಟೆಯಲ್ಲೂ ಒಂದೇ ಕಲ್ಲು. ಡಿಸೆಂಬರ್ ಒಂದಕ್ಕೆ ಹರ್ಮನ್‌ಟೌನಿನ ನೆಲಮಟ್ಟದ ಮನೆಯ ಬೀಗದಕೈ ತೆಗೆದುಕೊಳ್ಳಬೇಕು ಎಂದು ಅವನು ಮುಂಗಡ ಕೊಟ್ಟಿದ್ದ. ಒಂದೂ ಮೆಟ್ಟಿಲಿಲ್ಲದ ಮನೆ. ಅವನ ಸೊಂಟಕ್ಕೆ ಏನೂ ಆಗಿರಲಿಲ್ಲ.

ಬಂದವರು ಹನ್ನೆರಡಕ್ಕೆ ಹೋದರು. ಆರ್ಲೆನ್ ಮನೆ ಸೇರಿ ಕೋಟು ಕಳಚುವಷ್ಟರಲ್ಲಿ ಫೋನು ಮಿಡಿಯಿತು. ಮನೆ ನಮ್ಮ ಅಳತೆಗೆ ದೊಡ್ಡದಾಯಿತು ಎಂದಿತ್ತು. ಅದರ ಕೆಳಗೆ, ಮೆಟ್ಟಿಲ ಮೇಲಿದ್ದವರು ನಮ್ಮನ್ನು ಒಂದು ವಿಷಯ ಕೇಳಿದರು, ಅದು ನಮಗೆ ಗೊತ್ತಿಲ್ಲ, ಮನೆಯವರನ್ನೇ ಕೇಳಿ ಎಂದೆವು, ಬೇಸರ ಮಾಡಿಕೊಂಡರೇನೋ ಎಂದಿತ್ತು. ಅವನು ನಿಂತಲ್ಲೇ ಅದನ್ನು ನಾಲ್ಕು ಸಲ ಓದಿದ. ಏನು ಕೇಳಿದಳು ಎಂದು ವಿಚಾರಿಸು ಎಂದು ರೋಂಡಾಳಿಗೆ ಹೇಳಿದ. ಆಕೆ ಅವರಿಗೆ ಫೋನು ಮಾಡಿ, ಮಾತು ಸರಿಯಾಗಿ ಕೇಳಿಸಲಿಲ್ಲವಂತೆ ಎಂದು ಅವನಿಗೆ ತಿಳಿಸಿ, ಆರ್ಲೆನ್, ನಿಮ್ಮ ಮನೆಯಲ್ಲಿರುವುದು ಯಾರು ಎಂದು ಕೇಳಿದಳು. ಅಕ್ಕ ಎಂದ. ಅವನಿಗೆ ಅಕ್ಕ ಇರಲಿಲ್ಲ.

ಎಂಟು ದಿನ ಯಾರೂ ಬರಲಿಲ್ಲ. ತೊಂಬತ್ತೊಂದನೆಯ ದಿನ ರೋಂಡಾ ಫೋನು ಮಾಡಿ, ಎಸ್ಕೋ ಊರಿನಿಂದ ಒಬ್ಬಳು ಮಧ್ಯಾಹ್ನ ಮೂರಕ್ಕೆ ಬರುತ್ತಾಳೆ, ಶಾಲೆಯ ಬಸ್ಸು ಓಡಿಸುವವಳು, ಅವಳಿಗೆ ತನ್ನದೇ ಏಜೆಂಟ್ ಇಲ್ಲ, ಈ ಸಲ ನಾನೇ ತೋರಿಸುತ್ತೇನೆ, ಅದಾದ ಮೇಲೆ ನಿಮ್ಮ ಹತ್ತಿರ ಕೂತು ಒಂದು ಮಾತು ಆಡಬೇಕು ಎಂದಳು. ಯಾವ ಮಾತು ಎಂದು ಅವನು ಕೇಳಲಿಲ್ಲ. ಎರಡೂವರೆಗೆ ಕಾರನ್ನು ಎಂದಿನಂತೆ ಚರ್ಚಿನ ಬಳಿ ನಿಲ್ಲಿಸಿ, ಹಿಂದಿನ ಓಣಿಯಲ್ಲಿ ನಡೆದು ವಾಪಸು ಬಂದು, ಹಿತ್ತಲ ಬಾಗಿಲಿಂದ ಒಳಗೆ ಹೋಗಿ, ಬೂಟು ಕೈಯಲ್ಲಿ ಹಿಡಿದು ಮೇಲೆ ಹತ್ತಿದ. ಎಂಟನೆಯ ಮೆಟ್ಟಿಲನ್ನು ದಾಟಿ ಒಂಬತ್ತಕ್ಕೆ ಕಾಲಿಟ್ಟ. ಮಲಗುವ ಕೋಣೆಯ ಬಟ್ಟೆಯ ಕಪಾಟು ಗೋಡೆಯೊಳಗೇ ಇದ್ದದ್ದು, ಒಬ್ಬ ಮನುಷ್ಯ ನಿಲ್ಲುವಷ್ಟು ಆಳ. ಮಾರ್ಲಿಸಳ ಬಟ್ಟೆಗಳನ್ನು ಚರ್ಚಿಗೆ ಕೊಟ್ಟಾಗಿತ್ತು, ಬರಿಯ ತಂತಿಯ ಹ್ಯಾಂಗರುಗಳು ಉಳಿದಿದ್ದವು. ಅರವತ್ತೆಂಟು ವರ್ಷದ ಗಂಡಸು ತನ್ನದೇ ಮನೆಯ ಕಪಾಟಿನಲ್ಲಿ ಬೂಟು ತಬ್ಬಿಕೊಂಡು ನಿಂತಿದ್ದಾನೆ, ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು ಅವನಿಗೇ ಅನ್ನಿಸಿತು. ತಲೆ ತಗಲಿ ಹ್ಯಾಂಗರುಗಳು ಕಿಣಿಕಿಣಿ ಎಂದವು. ಕೈಯಿಂದ ಹಿಡಿದು ನಿಲ್ಲಿಸಿದ. ಕೆಳಗೆ ಬೀಗ ತೆಗೆದ ಸದ್ದಾಯಿತು.

ರೋಂಡಾಳ ದನಿ, ಇನ್ನೊಂದು ಹೆಂಗಸಿನ ದಪ್ಪ ದನಿ, ಅಡಿಗೆಮನೆಯ ಕಪಾಟುಗಳನ್ನು ತೆಗೆದು ಹಾಕುವ ಸದ್ದು. ಅಷ್ಟರಲ್ಲಿ ರೋಂಡಾಳಿಗೆ ಫೋನು ಬಂತು, ನೀವು ಮೇಲೆ ನೋಡುತ್ತಿರಿ, ಬಂದೆ ಎಂದಳು. ಭಾರವಾದ ಹೆಜ್ಜೆಗಳು ಮೆಟ್ಟಿಲು ಹತ್ತತೊಡಗಿದವು. ಆರ್ಲೆನ್ ಬೇಡ ಬೇಡವೆಂದರೂ ಎಣಿಸಿದ. ಏಳರ ಹತ್ತಿರ ಹೆಜ್ಜೆ ತಟಕ್ಕನೆ ನಿಂತಿತು.

"ಅಯ್ಯೋ, ಕ್ಷಮಿಸಿ. ಮನೇಲಿ ಯಾರೂ ಇಲ್ಲ ಅಂದಿದ್ರು," ಎಂದಳು ಬಸ್ಸಿನ ಹೆಂಗಸು.

ಉತ್ತರ ಅವನಿಗೆ ಕೇಳಿಸಲಿಲ್ಲ. ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಮಾತ್ರ ಮೌನವಿತ್ತು.

"ಇಲ್ಲ ಇಲ್ಲ, ಏಳ್ಬೇಡಿ. ಪಕ್ಕದಲ್ಲಿ ಜಾಗ ಇದೆ. ನನಗೂ ಮಂಡಿ ಸರಿ ಇಲ್ಲ, ಒಂದು ನಿಮಿಷ ನಿಂತು ಹೋಗ್ತೀನಿ." ಮತ್ತೆ ಮೌನ. "ಕಾಫಿಯಾ? ಬೇಡ, ಈಗ ತಾನೇ ಆಯ್ತು." ಮತ್ತೆ ಮೌನ, ಈ ಸಲ ಉದ್ದವಾಗಿತ್ತು. "ಅದು ನನಗೆ ಹೇಗೆ ಗೊತ್ತಾಗತ್ತೆ ಹೇಳಿ? ಮಾರ್ತಾರೋ ಇಲ್ವೋ ಅಂತ ನಿಮ್ಮ ಯಜಮಾನ್ರನ್ನೇ ಕೇಳ್ಬೇಕು ನೀವು."

ಆರ್ಲೆನ್‌ನ ಕೈಯಲ್ಲಿ ಬೂಟಿನ ಲಾಡಿ ತಿರುಚಿಕೊಂಡು ಬೆರಳಿಗೆ ಬಿಗಿಯಿತು. ಕತ್ತಲಲ್ಲಿ ಅವನು ಕಣ್ಣು ಮುಚ್ಚಿಕೊಂಡ.

"ಎರಡು ಸಲ ಕೇಳಿದ್ರಾ?" ಬಸ್ಸಿನ ಹೆಂಗಸು ನಕ್ಕಳು. ಒಳ್ಳೆಯ ನಗು, ಅಕ್ಕಪಕ್ಕದ ಮನೆಯವರ ನಗು. "ಎರಡು ಸಲ ಕೇಳಿದ್ರೆ ಈ ಗಂಡಸರಿಗೆ ಎಲ್ಲಿ ಕಿವಿಗೆ ಬೀಳತ್ತೆ? ನಮ್ಮನೇಲೂ ಹಾಗೇನೇ. ಇನ್ನೊಂದು ಸಲ ಕೇಳ್ಬಿಡಿ. ಎಲ್ಲಿದಾರೆ ಅವರು?" ಮೌನ. ಆಮೇಲೆ ದನಿ ತಗ್ಗಿತು, ನಗು ಹೋಗಿತ್ತು. "ಕಪಾಟಿನಲ್ಲಾ? ಯಾಕೆ?"

ಮೆಟ್ಟಿಲ ಹಲಗೆ ಕಿರ್ರೆಂದಿತು. ಕೂತವರು ಎದ್ದಾಗ ಹಗುರಾಗುವ ಹಲಗೆಯ ಸದ್ದು ಅದು, ಅವನಿಗೆ ಚೆನ್ನಾಗಿ ಗೊತ್ತಿದ್ದ ಸದ್ದು. ಒಂಬತ್ತನೆಯ ಮೆಟ್ಟಿಲ ಮೇಲೆ ಕಾಲು ಬಿತ್ತು. ಫೆಬ್ರವರಿಯಿಂದ ಬಾಕಿಯಿದ್ದ ಒಂಬತ್ತು. ಆಮೇಲೆ ಹತ್ತು, ಬಲಗಾಲು ಗಟ್ಟಿಯಾಗಿ, ಎಡಗಾಲು ಎಳೆದುಕೊಂಡು. ತಿರುವಿನಿಂದ ಮೇಲಕ್ಕೆ, ಪಡಸಾಲೆಯ ಜಮಖಾನದ ಮೇಲೆ, ಕೋಣೆಯ ಹೊಸ್ತಿಲು ದಾಟಿ. ಬಸ್ಸಿನ ಹೆಂಗಸಿನ ಭಾರವಾದ ಹೆಜ್ಜೆ ತುಸು ಹಿಂದೆ ಬರುತ್ತಿತ್ತು. ಭಾರವನ್ನು ಕಿವಿಯಿಂದ ತೂಗುವುದು ಅವನು ಬಿಟ್ಟರೂ ಬಿಡದ ಚಾಳಿ. ನೂರ ನಲವತ್ತು ಪೌಂಡು, ಜೊತೆಗೆ ಕೈಯಲ್ಲೇನೋ ಎಂಟು ಪೌಂಡು, ಬಟ್ಟೆಯ ಬುಟ್ಟಿ ಇರಬೇಕು. ಹೆಜ್ಜೆ ಕಪಾಟಿನ ಬಾಗಿಲ ಆಚೆ ಬಂದು ನಿಂತಿತು. ಬಾಗಿಲಿಗೂ ನೆಲಕ್ಕೂ ನಡುವೆ ಬೆಳಕಿನ ಗೆರೆಯೊಂದಿತ್ತು, ಅದರಲ್ಲಿ ಎರಡು ಕಡೆ ಕಪ್ಪಾಯಿತು. ಒಗೆದು ಒಣಗಿಸಿದ ಬಟ್ಟೆಯ ಬೆಚ್ಚಗಿನ ವಾಸನೆ ಬಂತು. ಅವನು ಕಾದ. ಈಗ ಕೇಳುತ್ತಾಳೆ. ಈಗ ಕೇಳಿದರೆ ಹೂಂ ಎನ್ನುತ್ತೇನೆ, ಮೂರನೆಯದಕ್ಕೆ ಯಾರಾದರೂ ಹೂಂ ಎನ್ನಲೇಬೇಕು. ಅವಳು ಕೇಳಲಿಲ್ಲ. ಎಷ್ಟು ಹೊತ್ತಾದರೂ ಕೇಳಲಿಲ್ಲ. ಅವಳಿಗೆ ಉಸಿರು ಸುಧಾರಿಸಿಕೊಳ್ಳುವುದಿದೆ ಎಂದು ಅವನು ಮೊದಲು ಅಂದುಕೊಂಡ, ಆಮೇಲೆ ಅದು ತನ್ನದೇ ಉಸಿರೆಂದು ಗೊತ್ತಾಯಿತು. ಕೇಳುವುದಿಲ್ಲ ಅವಳು. ಬದುಕಿದ್ದಾಗ ಕೇಳಲಿಲ್ಲ, ಈಗಂತೂ ಕೇಳುವುದಿಲ್ಲ. ಎಂಟನೆಯ ಮೆಟ್ಟಿಲಲ್ಲಿ ಸದ್ದು ನಿಂತಾಗ ಅವನು ನೆಲಮಾಳಿಗೆಯಲ್ಲಿ ಮಾಡಿದ್ದೂ ಇದನ್ನೇ. ಮುಂದಿನ ಸದ್ದು ಅವಳ ಕಡೆಯಿಂದ ಬರಲಿ ಎಂದು ಕಾದ. ಅವನು ಬಾಗಿಲಿಗೆ ಹಣೆ ತಾಗಿಸಿದ.

"ಆಯ್ತು ಮಾರ್ಲಿಸ್, ಮಾರೋಣ," ಎಂದ. "ಎಷ್ಟಕ್ಕಾದ್ರೂ ಸರಿ. ನೀನು ಕೇಳ್ಬೇಡ."

ಬಾಗಿಲು ನೂಕಿದ. ಕೋಣೆಯ ನಡುವೆ ಬಸ್ಸಿನ ಹೆಂಗಸು ಎದೆಯ ಮೇಲೆ ಕೈಯಿಟ್ಟು ನಿಂತಿದ್ದಳು, ಐವತ್ತು ದಾಟಿದ ದಪ್ಪ ಹೆಂಗಸು, ಮೂಗಿನ ತುದಿ ಚಳಿಗೆ ಕೆಂಪಾಗಿತ್ತು. ಅವಳು ಕಪಾಟಿನ ಬಾಗಿಲಿಂದ ಆರು ಹೆಜ್ಜೆ ದೂರದಲ್ಲಿದ್ದಳು. ರೋಂಡಾ ದಡದಡ ಮೇಲೆ ಓಡಿ ಬಂದು, ಕಾಲುಚೀಲದಲ್ಲಿ ಬೂಟು ಹಿಡಿದು ನಿಂತ ಅವನನ್ನು, ತೆರೆದ ಕಪಾಟನ್ನು ನೋಡಿದಳು. ಅವಳ ಮುಖದಲ್ಲಿ ಮೂಡಿದ್ದು ಕರುಣೆ, ಅದನ್ನು ಅವನು ಸಹಿಸಿಕೊಂಡ.

"ಅವರು ಕೆಳಗೆ ಹೋದ್ರು," ಎಂದಳು ಬಸ್ಸಿನ ಹೆಂಗಸು ಮೆಲ್ಲಗೆ, ಅವನಿಗೆ ಮಾತ್ರ ಹೇಳುವ ಹಾಗೆ. "ನೀವು ಹೇಳಿದ ತಕ್ಷಣ ಹೋದ್ರು. ಬುಟ್ಟಿನಾದ್ರೂ ಇಟ್ಟು ಹೋಗಿ ಅಂದೆ, ಇರಲಿ ಅಂದ್ರು."

"ಯಾರು?" ಎಂದಳು ರೋಂಡಾ. "ನಾನು ಕೆಳಗೇ ಇದ್ನಲ್ಲ."

ಮೆಟ್ಟಿಲು ನನ್ನ ಮಂಡಿಗೆ ಆಗುವುದಿಲ್ಲ, ಮನೆಯೇನೋ ಚೆನ್ನಾಗಿದೆ ಎಂದು ಹೇಳಿ, ಬಸ್ಸಿನ ಹೆಂಗಸು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೊರಟುಹೋದಳು. ಅಡಿಗೆಮನೆಯಲ್ಲಿ ರೋಂಡಾ ಕೋಟಿನ ಗುಂಡಿ ತಿರುವುತ್ತ ಕೂತಳು. ಅವಳು ಬಾಯಿ ತೆಗೆಯುವ ಮೊದಲೇ ಆರ್ಲೆನ್, ಎರಡು ನಲವತ್ತೊಂಬತ್ತಕ್ಕೆ ಇಳಿಸು, ಇವತ್ತೇ ಹಾಕು ಎಂದ. ಮೂರನೆಯ ಸಲ ಕೇಳಬೇಕೆಂದು ಬಂದಿದ್ದವಳು, ಕಾಫಿ ಇದೆಯಾ ಎಂದು ಕೇಳಿದಳು.

ಶನಿವಾರ ಹದಿನಾರು ಜನ ಬಂದರು. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಒಬ್ಬರು ಇಳಿಯುತ್ತಿದ್ದ ಹಾಗೆ ಇನ್ನೊಬ್ಬರು ಹತ್ತುತ್ತಿದ್ದರು, ಕಲ್ಲಿನ ಮೆಟ್ಟಿಲ ಮೇಲೆ ಒಬ್ಬರಿಗೊಬ್ಬರು ದಾರಿ ಬಿಡುತ್ತ. ಆರ್ಲೆನ್ ಕಾರಿನಲ್ಲಿ ಕೂತು ನೋಡಿದ. ಇಷ್ಟು ಜನ ಬಂದರೆ ಇಷ್ಟೂ ಜನರಿಗೂ ಕಾಣುತ್ತಾಳೆ, ಒಬ್ಬರಾದರೂ ಅವಳ ಮುಖ ಹೇಗಿತ್ತೆಂದು ಬರೆಯುತ್ತಾರೆ, ನೆಮ್ಮದಿಯಾಗಿದ್ದಳು ಎಂದು ಒಂದು ಮಾತು ಬರೆದರೂ ಸಾಕು ಎಂದು ಅವನು ಆಸೆಪಟ್ಟಿದ್ದ. ಫೋನು ಮಿಡಿಯುತ್ತಲೇ ಇತ್ತು. ನೆಲಮಾಳಿಗೆ ಒಣಗಿದೆ, ಸಂತೋಷ. ಕಿಟಕಿಯ ನೋಟ ಅದ್ಭುತ. ಮೆಟ್ಟಿಲು ಕಡಿದಾಗಿದೆ, ಮಕ್ಕಳಿಗೆ ಗೇಟು ಹಾಕಿಸಬೇಕು. ಬೆಲೆ ನ್ಯಾಯವಾಗಿದೆ. ಅವನು ಒಂದೊಂದನ್ನೂ ಕೊನೆಯವರೆಗೆ ಓದಿದ, ಮತ್ತೆ ಮೊದಲಿಂದ ಓದಿದ. ಹನ್ನೆರಡನೆಯವರು, ಮನೆ ಖಾಲಿ ಇದ್ದದ್ದರಿಂದ ನಿಧಾನವಾಗಿ ನೋಡಲು ಅನುಕೂಲವಾಯಿತು, ವಂದನೆಗಳು ಎಂದು ಬರೆದಿದ್ದರು. ನಾಲ್ಕೂವರೆಗೆ ರೋಂಡಾ ಫೋನು ಮಾಡಿ, ಗಂಡ ಹೆಂಡತಿ ಇಬ್ಬರೂ ನರ್ಸುಗಳು, ಎರಡು ಎಂಬತ್ತಕ್ಕೆ ಕೇಳುತ್ತಿದ್ದಾರೆ, ಬೆಲೆ ಇಳಿಸಿದ್ದರಿಂದ ಪೈಪೋಟಿಗೆ ಬಿದ್ದು ಏರಿಸಿದ್ದಾರೆ, ಒಪ್ಪಿಗೆಯೇ ಎಂದಳು. ಒಪ್ಪಿಗೆ ಎಂದ. ಇಷ್ಟು ಬೇಗ ಹೂಂ ಎಂದದ್ದು ಅವಳಿಗೆ ನಂಬಿಕೆಯಾಗಲಿಲ್ಲ, ಸರಿಯಾಗಿ ಕೇಳಿಸಿತೇ ಎಂದು ವಿಚಾರಿಸಿದಳು. ಎರಡು ಎಂಬತ್ತು. ಒಂಬತ್ತು ವರ್ಷದ ಹಿಂದೆ ಅವನು ಬಾಯಿಗೆ ಬಂದ ಹಾಗೆ ಹೇಳಿದ್ದಕ್ಕಿಂತ ಒಂದು ಸಾವಿರ ಮೇಲೆ. ಕೇಳಿಸಿತು ಎಂದ.

ಬಂದವರೆಲ್ಲ ಹೋದ ಮೇಲೆ ಒಳಗೆ ಹೋದ. ಎಲ್ಲ ದೀಪಗಳೂ ಉರಿಯುತ್ತಿದ್ದವು, ಮನೆ ಜನರ ಉಸಿರಿನಿಂದ ಬೆಚ್ಚಗಿತ್ತು, ಬಾಗಿಲ ಬಳಿ ಒದ್ದೆ ಹೆಜ್ಜೆಗಳು ಒಣಗುತ್ತಿದ್ದವು. ಒಂದೊಂದೇ ಕೋಣೆಯ ದೀಪ ಆರಿಸುತ್ತ ಮೆಟ್ಟಿಲ ಬುಡಕ್ಕೆ ಬಂದು ಎಂಟರವರೆಗೆ ಹತ್ತಿ, ತಿರುವಿನ ಒಂದು ಮೂಲೆಗೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ಕೂತ. ಮಾರಿಯಾಯಿತು, ನರ್ಸುಗಳು, ಒಳ್ಳೆಯವರ ಹಾಗೆ ಕಾಣುತ್ತಾರೆ ಎಂದು ಗಟ್ಟಿಯಾಗಿ ಹೇಳಿದ. ಹರ್ಮನ್‌ಟೌನಿನ ಮನೆಗೆ ಒಂದೂ ಮೆಟ್ಟಿಲಿಲ್ಲ ಎಂದೂ ಹೇಳಿದ. ನೆಲಮಾಳಿಗೆಯಲ್ಲಿ ಮನೆ ಬಿಸಿಮಾಡುವ ಒಲೆ ತಾನಾಗಿ ಹತ್ತಿಕೊಂಡು ಸ್ವಲ್ಪ ಹೊತ್ತು ಸದ್ದು ಮಾಡಿ ತಣ್ಣಗಾಯಿತು. ಕಿಟಕಿಯಾಚೆ ಈ ಚಳಿಗಾಲದ ಮೊದಲ ಹಿಮ ಬೀಳುತ್ತಿತ್ತು. ಅವನು ಕಿವಿಗೊಟ್ಟು ಕೂತ, ಇಡೀ ಮನೆಯನ್ನು ತೂಕಕ್ಕಿಟ್ಟವನ ಹಾಗೆ. ತನ್ನದೊಬ್ಬನ ಭಾರವನ್ನು ಬಿಟ್ಟರೆ ಅಲ್ಲಿ ಇನ್ನೇನೂ ಇರಲಿಲ್ಲ. ಅವಳು ಸತ್ತ ಈ ಒಂಬತ್ತು ತಿಂಗಳಲ್ಲಿ ಆ ಮನೆಯಲ್ಲಿ ಅವನಿಗೆ ಮೊದಲ ಸಲ ಭಯವಾದದ್ದು ಆಗ.